ನೆತ್ತಿಯಲ್ಲಿ ಬಿಟ್ಟ ಜಾಗ

ಫ್ರಾನ್ಸಿನ ನಡುನಾಡಿನಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ವಿಶಿ ಪಟ್ಟಣವಿದೆ. ಅಲ್ಲಿಂದ ಅಲಿಯೆ ನದಿಯ ಹರಿವಿನೊಡನೆ ಸ್ವಲ್ಪ ಕೆಳಗೆ ಬಂದರೆ ಬೂತಿರೋನ್ ಸೇತುವೆ ಎದುರಾಗುತ್ತದೆ. ವಾಹನದಲ್ಲಿ ದಾಟಿಹೋಗುವವರ ಕಣ್ಣಿಗೆ ಅದರಲ್ಲಿ ವಿಶೇಷವೇನೂ ಬೀಳುವುದಿಲ್ಲ. ಎರಡು ಬದಿ ಪ್ಯಾರಪೆಟ್, ನಡುವೆ ರಸ್ತೆ, ಅಷ್ಟೆ. ಅದರ ಚೆಲುವನ್ನು ಕಾಣಬೇಕಾದರೆ ದಂಡೆಗೆ ಇಳಿದು ಅಡ್ಡದಿಂದ ನೋಡಬೇಕು. ಆಗ ಮೂರು ಕಮಾನುಗಳು ಒಂದರ ಪಕ್ಕ ಒಂದು ನದಿಯ ಮೇಲೆ ಮೈಚಾಚಿರುವುದು ಕಾಣುತ್ತದೆ. ಒಂದೊಂದರ ಚಾಚು 70 ಮೀಟರಿನಷ್ಟು. ಇಷ್ಟು ದೂರ ಹಾಯುವ ಕಮಾನು ನಡುವಿನಲ್ಲಿ ಏರುವುದು ಮಾತ್ರ ಬಲು ಕಡಿಮೆ. ದಡ ತಗ್ಗು, ರಸ್ತೆ ತಗ್ಗು, ನದಿಯೋ ಮಳೆಗಾಲ ಬಂತೆಂದರೆ ಉಕ್ಕಿ ಬರುವಂಥದ್ದು. ನೀರಿಗೆ ದಾರಿ ಬಿಡಬೇಕು, ರಸ್ತೆಯನ್ನು ಮಾತ್ರ ಮೇಲಕ್ಕೆ ಎತ್ತುವಂತಿಲ್ಲ. ಆ ಇಕ್ಕಟ್ಟಿನಲ್ಲಿ ಹುಟ್ಟಿದ ಗೆರೆ ಇದು.

ಕಂಬದ ಬುಡದಿಂದ ನಿಧಾನವಾಗಿ ನಡುವಿನ ಕಡೆಗೆ ಕಣ್ಣು ಹಾಯಿಸಿ. ಕಂಬದ ಬಳಿ ಕಮಾನಿಗೂ ರಸ್ತೆಗೂ ನಡುವೆ ಸಾಕಷ್ಟು ಅಂತರವಿದೆ. ಆ ಅಂತರವನ್ನು ಗೋಡೆ ಕಟ್ಟಿ ಮುಚ್ಚಿಲ್ಲ, ನೆಟ್ಟಗೆ ನಿಂತ ಕಂಬಗಳ ಸಾಲೂ ಅಲ್ಲಿಲ್ಲ. ಓರೆಯಾಗಿ ಹಾಕಿದ ಕಾಂಕ್ರೀಟಿನ ಕೈಗಳು ಒಂದಕ್ಕೊಂದು ಆತು ತ್ರಿಕೋನಗಳಾಗಿವೆ. ಕಬ್ಬಿಣದ ರೈಲ್ವೆ ಸೇತುವೆಗಳಲ್ಲಿ ನಾವು ನೋಡುವ ಜಾಲವನ್ನೇ ಯಾರೋ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಹಾಗೆ. ನಡುವಿಗೆ ಹೋದಂತೆ ತ್ರಿಕೋನಗಳು ಗಿಡ್ಡವಾಗುತ್ತವೆ, ಕಮಾನು ಮೇಲೇರಿ ಬಂದು ರಸ್ತೆಯ ಅಡಿಯನ್ನು ಮುಟ್ಟುತ್ತದೆ, ಎರಡೂ ಬೆರೆತು ಒಂದೇ ಪಟ್ಟಿಯಾಗುತ್ತವೆ. ಅಲ್ಲಿ, ನೆತ್ತಿಯಲ್ಲಿ, ಸೇತುವೆ ಎಷ್ಟು ತೆಳು ಎಂದರೆ, ಕಾಂಕ್ರೀಟು ಎಂಬ ಭಾರದ ವಸ್ತು ಇಷ್ಟು ಹಗುರಾಗಲು ಹೇಗೆ ಒಪ್ಪಿತು ಎಂದು ನೋಡುವವರಿಗೆ ಬೆರಗಾಗುತ್ತದೆ.

ಈ ಸೇತುವೆ ಮೂವರು ಅಕ್ಕತಂಗಿಯರಲ್ಲಿ ಉಳಿದವಳು. ಲೆ ವೆರ್ದ್ರ್ ಎಂಬ ಊರಿನಲ್ಲಿ ಇದರ ಅಕ್ಕ ಇದ್ದಳು, ಷಾತೆಲ್-ದ-ನೆವ್ರ್‌ನಲ್ಲಿ ಇನ್ನೊಬ್ಬಳು. ಆ ಇಬ್ಬರೂ ಎರಡನೇ ಮಹಾಯುದ್ಧದಲ್ಲಿ ಹೋದರು. ಕಾಂಕ್ರೀಟಿನ ಬಗ್ಗೆ ಜಗತ್ತಿಗೆ ತಿಳಿಯದಿದ್ದ ಒಂದು ದೊಡ್ಡ ಸಂಗತಿ ಹೊರಬಿದ್ದದ್ದು ಆ ಹಿರಿಯಕ್ಕನ ನೆತ್ತಿಯಲ್ಲಿ. ಬೂತಿರೋನನ್ನು ನೋಡಿ ಸವಿಯಬೇಕಾದರೆ ಲೆ ವೆರ್ದ್ರ್‌ನ ಕಥೆ ಗೊತ್ತಿರಬೇಕು.

ಇವನ್ನು ಕಟ್ಟಿದವನು ಯೂಜೆನ್ ಫ್ರೆಸಿನೆ. 1879ರಲ್ಲಿ ಕೊರೇಜ್ ಸೀಮೆಯ ಒಬ್ಜಾ ಎಂಬ ಊರಿನಲ್ಲಿ ಹುಟ್ಟಿದವನು. ಅವನ ಕಡೆಯವರು ರೈತಾಪಿ ಜನ, ಬೇಕಾದ್ದನ್ನೆಲ್ಲ ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಿದ್ದವರು. ಆ ಗುಣವನ್ನು ಅವನು ಕೊನೆಯವರೆಗೂ ಹೆಮ್ಮೆಯಿಂದ ನೆನೆಯುತ್ತಿದ್ದ. ಪ್ಯಾರಿಸ್ಸಿನ ಹೆಸರಾಂತ ಸೇತುವೆ-ರಸ್ತೆ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿ, 1905ರಲ್ಲಿ ಸರ್ಕಾರಿ ಎಂಜಿನಿಯರಾಗಿ ಮೂಲೆನ್ ಪಟ್ಟಣಕ್ಕೆ ಬಂದ. ಕೆಲಸವೆಂದರೆ ಸುತ್ತಲಿನ ಹಳ್ಳಿಗಳ ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆ. ಹಳ್ಳಿಗಳ ಹತ್ತಿರ ದುಡ್ಡಿಲ್ಲ. ಎಷ್ಟು ಕಡಿಮೆ ಸಾಮಾನಿನಲ್ಲಿ ಎಷ್ಟು ಗಟ್ಟಿ ಕೆಲಸ ಮಾಡಬಹುದು ಎಂಬ ಒಂದೇ ಪ್ರಶ್ನೆ ದಿನಾ ಅವನ ಮುಂದೆ. ಇಂಥ ಮೂಲೆಯ ಊರುಗಳ ಬಡತನ ಅವನಿಗೆ ಒದಗಿದ ಒಳ್ಳೆಯ ಗುರು ಎಂದು ನನಗೆ ಅನ್ನಿಸುತ್ತದೆ. ದುಡ್ಡು ಧಾರಾಳವಾಗಿದ್ದ ನಗರದ ಹುದ್ದೆಯಲ್ಲಿದ್ದಿದ್ದರೆ ಕಲ್ಲಿನ ಸೇತುವೆಗಳನ್ನೇ ಕಟ್ಟಿಸಿ ನಿವೃತ್ತನಾಗುತ್ತಿದ್ದನೇನೋ.

ಅಲಿಯೆ ನದಿಯ ಮೇಲಿನ ಹಳೆಯ ತೂಗುಸೇತುವೆಗಳು ಜೀರ್ಣವಾಗಿದ್ದವು. ಲೆ ವೆರ್ದ್ರ್‌ಗೆ ಕಲ್ಲಿನ ಸೇತುವೆಯ ಅಂದಾಜುಪಟ್ಟಿ ತಯಾರಾಗಿತ್ತು. ಒಂದೇ ಸೇತುವೆಗೆ 6,30,000 ಫ್ರಾಂಕ್. ಫ್ರೆಸಿನೆಯ ಸಣ್ಣ ಕೆಲಸಗಳನ್ನು ಕಂಡು ಮೆಚ್ಚಿದ್ದ ಫ್ರಾನ್ಸ್ವಾ ಮೆರ್ಸಿಯೆ ಎಂಬ ಗುತ್ತಿಗೆದಾರ ಮುಂದೆ ಬಂದು, ಅದೇ ದುಡ್ಡಿಗೆ ಮೂರೂ ಕಡೆ ಸೇತುವೆ ಕಟ್ಟಿಕೊಡುತ್ತೇನೆ, ಆದರೆ ನಕ್ಷೆ ಫ್ರೆಸಿನೆಯದಾಗಿರಬೇಕು, ಉಸ್ತುವಾರಿಯೂ ಅವನದೇ ಎಂದ. ಇಲಾಖೆ ಒಪ್ಪಿತು. ನಕ್ಷೆ ಬರೆದವನೂ ಅವನೇ, ಅದನ್ನು ಪರಿಶೀಲಿಸಿ ಸೈ ಎನ್ನಬೇಕಾದ ಸರ್ಕಾರಿ ಅಧಿಕಾರಿಯೂ ಅವನೇ, ಕೆಲಸ ಮಾಡಿಸುವವನೂ ಅವನೇ. ಇಂದು ಇಂಥ ಏರ್ಪಾಡನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪಲಾರರು, ಒಪ್ಪಲೂಬಾರದು. ಇನ್ನೊಬ್ಬರ ಕಣ್ಣು ಹಾಯದ ಕೆಲಸದಲ್ಲಿ ಅಪಾಯ ತಪ್ಪಿದ್ದಲ್ಲ. ಇಲ್ಲಿಯೂ ತಪ್ಪಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಸೇತುವೆಗೆ ಕೈ ಹಚ್ಚುವ ಮುಂಚೆ ಅವನು ಮೂಲೆನ್‌ನಲ್ಲಿ ಒಂದು ಪರೀಕ್ಷೆಯ ಕಮಾನು ಕಟ್ಟಿದ. 50 ಮೀಟರ್ ಚಾಚು, ನಡುವಿನಲ್ಲಿ ಏರುವುದು ಬರೀ 2 ಮೀಟರ್. ಇಷ್ಟು ಚಪ್ಪಟೆಯಾದ ಕಮಾನು ತನ್ನ ಎರಡು ಬುಡಗಳನ್ನು ಆಚೆಗೂ ಈಚೆಗೂ ಎಷ್ಟು ಜೋರಾಗಿ ತಳ್ಳುತ್ತದೆಂದರೆ ಸಾಮಾನ್ಯ ಬುನಾದಿ ತಡೆಯಲಾರದು. ಅದಕ್ಕಾಗಿ ಎರಡು ಬುಡಗಳನ್ನೂ 8 ಮಿಲಿಮೀಟರ್ ದಪ್ಪದ ಸಾವಿರ ಉಕ್ಕಿನ ತಂತಿಗಳಿಂದ ಕಟ್ಟಿ, ಆ ತಂತಿಗಳನ್ನು 2,500 ಟನ್ ಬಲದಿಂದ ಎಳೆದು ಬಿಗಿದ. ಕಾಂಕ್ರೀಟನ್ನು ಉಕ್ಕಿನ ಬಿಗಿತದಿಂದ ಮೊದಲೇ ಒತ್ತಿ ಇಡುವ ಉಪಾಯದ ಬೀಜ ಬಿದ್ದದ್ದು ಅಲ್ಲಿ. ಅದು ಮೊಳೆತದ್ದು ಇಪ್ಪತ್ತು ವರ್ಷಗಳ ಮೇಲೆ. ಆಗಿನ ಮಟ್ಟಿಗೆ ಅವನಿಗೆ ಬೇಕಿದ್ದದ್ದು ಚಪ್ಪಟೆ ಕಮಾನು ನಿಲ್ಲುತ್ತದೆ ಎಂಬ ಭರವಸೆ. ಅದು ಸಿಕ್ಕಿತು.

ಇನ್ನು ಆ ನೆತ್ತಿಯ ವಿಷಯ. ಮನೆ ಕಟ್ಟಿಸಿದವರಿಗೆಲ್ಲ ಸೆಂಟ್ರಿಂಗ್ ಗೊತ್ತು. ಹಲಗೆ, ಮರದ ಊರುಗೋಲುಗಳನ್ನು ನಿಲ್ಲಿಸಿ, ಮೇಲೆ ಕಂಬಿ ಕಟ್ಟಿ, ಕಾಂಕ್ರೀಟು ಸುರಿದು, ಗಟ್ಟಿಯಾದ ಮೇಲೆ ಊರುಗೋಲು ಬಿಚ್ಚುತ್ತಾರೆ. ಬಿಚ್ಚುವ ದಿನ ಮೇಸ್ತ್ರಿಯ ಎದೆ ಎಷ್ಟು ಗಟ್ಟಿಯಿದ್ದರೂ ಒಮ್ಮೆ ಡವಗುಟ್ಟದೆ ಇರುವುದಿಲ್ಲ. ಕಮಾನಿನ ಸೇತುವೆಯಲ್ಲಿ ಇದು ಇನ್ನೂ ನಾಜೂಕು. ಕೆಳಗಿನ ಆಸರೆಯ ಬೆಣೆಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದಂತೆ ಕಮಾನು ತನ್ನ ಭಾರವನ್ನು ತಾನೇ ಹೊರಲು ಶುರುಮಾಡಿ ತುಸು ಕುಸಿಯುತ್ತದೆ. ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾದರೆ ಕಮಾನು ಸೊಟ್ಟಗೆ ಬಾಗಿ ಬಿರುಕು ಬಿಡಬಹುದು.

ಫ್ರೆಸಿನೆ ಇದನ್ನು ತಲೆಕೆಳಗು ಮಾಡಿದ. ಕಮಾನಿನ ನೆತ್ತಿಯಲ್ಲಿ, ಎರಡು ಅರ್ಧಗಳು ಕೂಡುವ ಕಡೆ, ಒಂದು ಸೀಳು ಬಿಟ್ಟ. ಅದರಲ್ಲಿ ಜಾಕ್‌ಗಳನ್ನು ಅಡ್ಡಲಾಗಿ ಕೂರಿಸಿದ. ನೀರಿನ ಒತ್ತಡ ಕೊಟ್ಟು ಜಾಕ್ ತೆರೆದರೆ ಅವು ಎರಡು ಅರ್ಧಗಳನ್ನು ಆಚೀಚೆ ನೂಕುತ್ತವೆ. ಬುಡಗಳು ದಡದಲ್ಲಿ ಭದ್ರವಾಗಿ ನಾಟಿರುವುದರಿಂದ ಅರ್ಧಗಳಿಗೆ ಹಿಂದೆ ಸರಿಯಲು ಜಾಗವಿಲ್ಲ. ಉಳಿದ ದಾರಿ ಮೇಲಕ್ಕೆ. ಹೀಗೆ ಇಡೀ ಕಮಾನು ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು, ಸೆಂಟ್ರಿಂಗಿನಿಂದ ತಾನಾಗಿ ಮೇಲೇಳುತ್ತದೆ. ಬೆಣೆ ಹೊಡೆಯುವುದಿಲ್ಲ, ಕುಸಿತವಿಲ್ಲ. ನೂಕಿದ ಬಲವನ್ನು ಅಳತೆ ಮಾಪಕದಲ್ಲಿ ಓದಬಹುದು. ಕಮಾನಿನೊಳಗೆ ಎಷ್ಟು ಒತ್ತಡ ಹುಟ್ಟಿದೆ ಎಂದು ಕಾಗದದ ಲೆಕ್ಕವನ್ನು ನಂಬಿ ಕೂರಬೇಕಿಲ್ಲ. 1907ರಲ್ಲಿ ಪ್ರೇರೆಯಾಲ್ ಎಂಬಲ್ಲಿ 26 ಮೀಟರಿನ ಸಣ್ಣ ಸೇತುವೆಯಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದ. ಲೆ ವೆರ್ದ್ರ್‌ನಲ್ಲಿ 72 ಮೀಟರ್ ದಾಟುವ ಕಮಾನುಗಳನ್ನು ಹೀಗೆ ಎತ್ತಿದ. ಸೇತುವೆಗಳ ಇತಿಹಾಸದಲ್ಲಿ ಇಷ್ಟು ಮೆಲುವಾದ, ಇಷ್ಟು ಚೊಕ್ಕವಾದ ಇನ್ನೊಂದು ಕೆಲಸವನ್ನು ನಾನು ಓದಿಲ್ಲ. ಸಾವಿರಾರು ಟನ್ ತೂಕದ ಕಟ್ಟಡಕ್ಕೆ, ನಿನ್ನ ಕಾಲಮೇಲೆ ನೀನೇ ಏಳು ಎಂದು ಹೇಳಿದ ಹಾಗಿದೆ ಅದು.

1911ರಲ್ಲಿ ಲೆ ವೆರ್ದ್ರ್ ಸೇತುವೆ ಸಂಚಾರಕ್ಕೆ ಸಿದ್ಧವಾಯಿತು. ಭಾರದ ಪರೀಕ್ಷೆಯಲ್ಲಿ ಗೆದ್ದಿತು. ಊರಿನವರು ಹಬ್ಬ ಮಾಡಿದರು. ನಡುವಿನ ಏರು ಚಾಚಿನ ಹದಿನೈದರಲ್ಲಿ ಒಂದು ಪಾಲು ಮಾತ್ರ. ಅಂಥ ತೆಳು ಗೆರೆಯನ್ನು ಕಾಂಕ್ರೀಟಿನಲ್ಲಿ ಆವರೆಗೆ ಯಾರೂ ಕಂಡಿರಲಿಲ್ಲ.

ಕೆಲವು ತಿಂಗಳು ಕಳೆದವು. ಪ್ಯಾರಪೆಟ್ಟಿನ ಗೆರೆಯ ಮೇಲೆ ಕಣ್ಣಿಟ್ಟ ಫ್ರೆಸಿನೆಗೆ ಅದು ನೇರವಾಗಿಲ್ಲ ಎನ್ನಿಸಿತು. ಅಳೆದು ನೋಡಿದರೆ ಕಮಾನುಗಳ ನೆತ್ತಿ ಕೆಳಗಿಳಿಯುತ್ತಿತ್ತು. ಬರಬರುತ್ತ ನಿಲ್ಲಬೇಕಾದ ಇಳಿತ ನಿಲ್ಲಲಿಲ್ಲ, ಹೆಚ್ಚುತ್ತಲೇ ಹೋಯಿತು, 13 ಸೆಂಟಿಮೀಟರಿನವರೆಗೆ. ದೇಶದ ನಿಯಮಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1906ರಲ್ಲಿ ಫ್ರೆಂಚ್ ಸರ್ಕಾರ ಹೊರಡಿಸಿದ್ದ ಸುತ್ತೋಲೆ ಕಾಂಕ್ರೀಟನ್ನು ಉಕ್ಕಿನ ಹಾಗೆ ಲೆಕ್ಕ ಹಾಕುತ್ತಿತ್ತು. ಭಾರ ಹೇರಿದರೆ ಇಷ್ಟು ಕುಗ್ಗುತ್ತದೆ, ಕುಗ್ಗಿದ್ದು ಅಷ್ಟಕ್ಕೇ ನಿಲ್ಲುತ್ತದೆ, ಭಾರ ತೆಗೆದರೆ ಮೊದಲಿನಂತಾಗುತ್ತದೆ ಎಂದು.

ಚಪ್ಪಟೆ ಕಮಾನಿನ ಲೆಕ್ಕ ಹೇಗಿರುತ್ತದೆ ಎಂದು ಸ್ವಲ್ಪ ನೋಡಬೇಕು, ಆಗ ಅವನ ಭಯ ಏನೆಂದು ತಿಳಿಯುತ್ತದೆ. ಅರ್ಧ ಕಮಾನಿನ ಉದ್ದ ಸುಮಾರು 36 ಮೀಟರ್, ಏರು 5 ಮೀಟರಿಗೂ ಸ್ವಲ್ಪ ಕಡಿಮೆ ಎಂದಿಟ್ಟುಕೊಳ್ಳಿ. ಅರ್ಧ ಕಮಾನು ಒಂದು ಸೆಂಟಿಮೀಟರ್ ಕುಗ್ಗಿದರೆ ನೆತ್ತಿ ಅದರ ಏಳೆಂಟು ಪಟ್ಟು ಇಳಿಯುತ್ತದೆ. ಅಂದರೆ 36 ಮೀಟರಿನಲ್ಲಿ ಎರಡು ಸೆಂಟಿಮೀಟರಿಗೂ ಕಡಿಮೆ ಕುಗ್ಗುವಿಕೆ ಸಾಕು, ನೆತ್ತಿ 13 ಸೆಂಟಿಮೀಟರ್ ಕುಸಿಯಲು. ನೆತ್ತಿ ಇಳಿದಷ್ಟೂ ಕಮಾನು ಇನ್ನಷ್ಟು ಚಪ್ಪಟೆಯಾಗುತ್ತದೆ. ಚಪ್ಪಟೆಯಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದರೆ ಮತ್ತಷ್ಟು ಕುಗ್ಗುತ್ತದೆ. ಕೊನೆಗೆ ಒಂದು ದಿನ ಎರಡು ಅರ್ಧಗಳು ಒಂದೇ ಮಟ್ಟಕ್ಕೆ ಬಂದು, ಮರುಕ್ಷಣ ಇಡೀ ಕಮಾನು ಒಳಮುಖವಾಗಿ ಮಗುಚಿ ನದಿಗೆ ಬೀಳುತ್ತದೆ. ಮೇಲೆ ಗಾಡಿಗಳಿರುತ್ತವೆ, ಜನರಿರುತ್ತಾರೆ.

ಅವನು ಯಾರಿಗೂ ಹೇಳಲಿಲ್ಲ. ರಾತ್ರಿ ಮೂಲೆನ್‌ನಿಂದ ಸೈಕಲ್ ಹತ್ತಿ ಲೆ ವೆರ್ದ್ರ್‌ಗೆ ಬಂದ. ಬಿಗೆ ಎಂಬ ತನ್ನ ನಂಬಿಕೆಯ ಮೇಸ್ತ್ರಿಯನ್ನೂ ಇನ್ನು ಮೂವರು ಆಳುಗಳನ್ನೂ ಎಬ್ಬಿಸಿದ. ಕಟ್ಟುವಾಗ ನೆತ್ತಿಯಲ್ಲಿ ಜಾಕ್‌ಗಳಿಗೆಂದು ಬಿಟ್ಟಿದ್ದ ಜಾಗವನ್ನು ಅವನು ಪೂರ್ತಿ ಮುಚ್ಚಿರಲಿಲ್ಲ. ಬೇಕಾದರೆ ಜಾಕ್‌ಗಳನ್ನು ಮತ್ತೆ ಕೂರಿಸುವಂತೆ ಉಳಿಸಿಕೊಂಡಿದ್ದ. ಆ ರಾತ್ರಿ ಅದೇ ಕೆಲಸಕ್ಕೆ ಬಂತು. ಜಾಕ್‌ಗಳನ್ನು ಮತ್ತೆ ಕೂರಿಸಿ, ಬೆಳಕು ಹರಿಯುತ್ತಲೇ ಒತ್ತಡ ಕೊಟ್ಟು, ಮೂರೂ ಕಮಾನುಗಳನ್ನು ಒಟ್ಟಿಗೆ ಮೇಲಕ್ಕೆತ್ತಿದರು. ಇಳಿದ ನೆತ್ತಿ ತನ್ನ ಮಟ್ಟಕ್ಕೆ ಬಂತು. ಆಮೇಲೆ ಆ ಸೀಳಿಗೆ ಕಾಂಕ್ರೀಟು ತುಂಬಿಸಿದರು. ನೆತ್ತಿಯಲ್ಲಿದ್ದ ಕೀಲು ಹೋಯಿತು, ಕಮಾನು ಈ ತುದಿಯಿಂದ ಆ ತುದಿಗೆ ಒಂದೇ ಗಟ್ಟಿ ಬಿಲ್ಲಾಯಿತು. ಮುಂದೆ ಕುಗ್ಗಿದರೂ ನಡುವಿನಲ್ಲಿ ಮಡಿಚಿಕೊಳ್ಳುವ ಹಾಗಿಲ್ಲ. ಅಲ್ಲಿಂದ ಮುಂದೆ ಸೇತುವೆ ಅಲುಗಾಡದೆ ನಿಂತಿತು.

ಕಾಂಕ್ರೀಟಿನ ಒಳಗೆ ಅಷ್ಟು ದಿನ ನಡೆದದ್ದು ಏನು? ಕಾಂಕ್ರೀಟು ಗಟ್ಟಿಯಾದ ಮೇಲೂ ಅದರ ಸೂಕ್ಷ್ಮ ರಂಧ್ರಗಳಲ್ಲಿ ನೀರು ಉಳಿದಿರುತ್ತದೆ. ಆರುತ್ತ ಬಂದಂತೆ ಅದು ತಾನಾಗಿ ಕುಗ್ಗುತ್ತದೆ. ಇದು ಒಂದು. ಮೇಲಿಂದ ಭಾರ ಬಿಡದೆ ಒತ್ತುತ್ತಿದ್ದರೆ, ಸಿಮೆಂಟಿನ ಆ ಅಂಟು ಪದಾರ್ಥ ವರ್ಷಗಟ್ಟಲೆ ನಿಧಾನವಾಗಿ ಮಣಿಯುತ್ತಲೇ ಇರುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಭಾರ ಹೇರಿದ ಕ್ಷಣದಲ್ಲಿ ಎಷ್ಟು ಕುಗ್ಗಿತೋ ಅದರ ಎರಡು ಮೂರು ಪಟ್ಟು ಮುಂದಿನ ವರ್ಷಗಳಲ್ಲಿ ಕುಗ್ಗುವುದುಂಟು. ಮೊದಮೊದಲು ಬೇಗ, ಆಮೇಲೆ ನಿಧಾನ. ದಪ್ಪ ಗೋಡೆ, ದಪ್ಪ ಕಂಬಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಪ್ಪಟೆ ಕಮಾನು ಸಣ್ಣ ಕುಗ್ಗುವಿಕೆಯನ್ನೂ ಏಳೆಂಟು ಪಟ್ಟು ಹಿಗ್ಗಿಸಿ ತೋರಿಸುವ ಉಪಕರಣ. ಅಷ್ಟು ತೆಳುವಾಗಿ, ಅಷ್ಟು ಚಪ್ಪಟೆಯಾಗಿ ಕಟ್ಟಿದ್ದರಿಂದಲೇ ಅದು ಬಯಲಿಗೆ ಬಂತು. ದಪ್ಪ ಸೇತುವೆ ಕಟ್ಟಿದ್ದರೆ ಫ್ರೆಸಿನೆಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯಲು ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ.

ಆ ರಾತ್ರಿಯ ಗುಟ್ಟಿನ ಬಗ್ಗೆ ನನ್ನ ಮನಸ್ಸು ಎರಡಾಗುತ್ತದೆ. ಸಾರ್ವಜನಿಕರು ಓಡಾಡುವ ಸೇತುವೆ ಕುಸಿಯುತ್ತಿದೆ ಎಂದು ಗೊತ್ತಾದ ಮೇಲೆ ಮೇಲಿನವರಿಗೆ ತಿಳಿಸದೆ ನಾಲ್ಕು ಜನರನ್ನು ಕಟ್ಟಿಕೊಂಡು ಗುಟ್ಟಾಗಿ ದುರಸ್ತಿ ಮಾಡುವುದು ಸರಿಯಲ್ಲ. ಇನ್ನೊಬ್ಬರು ಹಾಗೆ ಮಾಡಿ ಸೇತುವೆ ಬಿದ್ದಿದ್ದರೆ ನಾವು ಕ್ಷಮಿಸುತ್ತಿರಲಿಲ್ಲ. ಆದರೆ ಕೆಲಸವನ್ನು ಮಾತ್ರ ನೋಡಿದರೆ ತಲೆಬಾಗುತ್ತದೆ. ಹಳೆಯ ಸೇತುವೆಗಳಿಗೆ ಆಗುವ ಬದಲಾವಣೆಗಳನ್ನು ನಾವು ಎಷ್ಟು ಕಂಡಿಲ್ಲ! ಬಿರುಕಿಗೆ ಕಬ್ಬಿಣದ ಪಟ್ಟಿ, ಕಂಬಕ್ಕೆ ಕಾಂಕ್ರೀಟಿನ ದಪ್ಪ ಕವಚ, ಅಗಲ ಸಾಲದೆಂದು ಪಕ್ಕಕ್ಕೆ ಚಾಚಿದ ಕಾಲುದಾರಿ, ಹಳೆಯ ಕಟಾಂಜನ ಕಿತ್ತು ಹಾಕಿದ ಕ್ರಾಶ್ ಬ್ಯಾರಿಯರ್. ಎಲ್ಲವೂ ಬೇಕಾದವೇ ಇರಬಹುದು, ಆದರೆ ಒಂದೊಂದೂ ಮೂಲದ ಗೆರೆಯನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತ ಹೋಗುತ್ತದೆ. ಲೆ ವೆರ್ದ್ರ್‌ನ ಬದಲಾವಣೆ ಗೆರೆಯನ್ನು ಮತ್ತೆ ಅದರ ಜಾಗಕ್ಕೆ ತಂದಿಟ್ಟಿತು. ಹೊರಗಿನಿಂದ ಒಂದು ತುಂಡನ್ನೂ ಅಂಟಿಸಲಿಲ್ಲ. ತಿದ್ದಿದ ಗುರುತು ನೆತ್ತಿಯಲ್ಲಿ ಅಂಗೈಯಗಲದ ಒಂದು ತುಂಬಿದ ಸೀಳು, ಅಷ್ಟೆ. ಅದು ಸಾಧ್ಯವಾದದ್ದು ಕಟ್ಟುವಾಗಲೇ ತಿದ್ದಲು ಜಾಗ ಬಿಟ್ಟಿದ್ದರಿಂದ. ತನ್ನ ಲೆಕ್ಕ ಕರಾರುವಾಕ್ಕು ಎಂದು ನಂಬಿದ್ದ ಮನುಷ್ಯನೇ ಆ ಜಾಗವನ್ನೂ ಬಿಟ್ಟಿದ್ದ. ಈ ಸೇತುವೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಯಾವುದೆಂದರೆ ಆ ಖಾಲಿ ಜಾಗ.

ಬೂತಿರೋನ್ ಸೇತುವೆ 1913ರಲ್ಲಿ ಮುಗಿಯಿತು. ಅಷ್ಟರಲ್ಲಿ ಅಕ್ಕನ ಪಾಠ ಕೈಯಲ್ಲಿತ್ತು. ಮುಂದೆ ಫ್ರೆಸಿನೆ ಇದಕ್ಕಿಂತ ಎಷ್ಟೋ ದೊಡ್ಡ ಕೆಲಸಗಳನ್ನು ಮಾಡಿ ಜಗತ್ತಿನಲ್ಲಿ ಹೆಸರು ಪಡೆದ. ಆದರೂ ತನ್ನ ಸೇತುವೆಗಳಲ್ಲೆಲ್ಲ ಹೆಚ್ಚು ಪ್ರೀತಿಸಿದ್ದು ಲೆ ವೆರ್ದ್ರನ್ನೇ ಎಂದು ಮುಪ್ಪಿನಲ್ಲಿ ಹೇಳಿಕೊಂಡ. ಯುದ್ಧ ಹಾಳುಮಾಡಿದ ತನ್ನ ಕಟ್ಟಡಗಳಲ್ಲಿ ಇದೊಂದರ ನಷ್ಟವೇ ತನಗೆ ನಿಜವಾಗಿ ನೋವು ತಂದದ್ದು ಎಂದೂ ಹೇಳಿದ್ದುಂಟು. ಆ ಮಾತು ನನಗೆ ಅರ್ಥವಾಗುತ್ತದೆ.

ದೊಡ್ಡ ಕೆಲಸಗಳಲ್ಲಿ ದೊಡ್ಡದು ಪ್ಲೂಗಾಸ್ತೆಲ್. ಬ್ರಿಟನಿಯ ಬ್ರೆಸ್ಟ್ ಬಂದರಿನ ಹತ್ತಿರ, ಎಲೋರ್ನ್ ನದಿ ಸಮುದ್ರ ಸೇರುವ ಅಗಲವಾದ ಅಳಿವೆಯ ಮೇಲೆ ಕಟ್ಟಿದ್ದು. ಅದಕ್ಕಾಗಿ ದುಡಿದ ಸ್ಥಳೀಯ ನಾಯಕ ಆಲ್ಬೇರ್ ಲೂಪ್‌ನ ಹೆಸರನ್ನೇ ಇಟ್ಟಿದ್ದಾರೆ. ಒಟ್ಟು ಉದ್ದ 888 ಮೀಟರ್. ಮೂರು ಕಮಾನು, ಒಂದೊಂದೂ 188 ಮೀಟರ್. ಆ ಕಾಲಕ್ಕೆ ಕಾಂಕ್ರೀಟಿನಲ್ಲಿ ಜಗತ್ತಿನಲ್ಲೇ ಉದ್ದನೆಯ ಚಾಚು. 1930ರ ಅಕ್ಟೋಬರ್ 9ರಂದು ಫ್ರಾನ್ಸಿನ ಅಧ್ಯಕ್ಷ ಗಾಸ್ತೋನ್ ದುಮೆರ್ಗ್ ಉದ್ಘಾಟಿಸಿದರು. ಬಣ್ಣಿಸುತ್ತ ಹೋದರೆ ಮುಗಿಯದ ಸೇತುವೆ ಅದು. ಅಲ್ಲಿನ ಸೆಂಟ್ರಿಂಗಿನ ಬಗ್ಗೆ ಮಾತ್ರ ಹೇಳದೆ ಮುಂದೆ ಹೋಗಲಾರೆ. ಆಳವಾದ ಅಳಿವೆ, ದಿನಕ್ಕೆ ಎರಡು ಸಲ ಉಬ್ಬರ ಇಳಿತ. ನೀರಿನಲ್ಲಿ ಊರುಗೋಲು ನಿಲ್ಲಿಸುವಂತಿಲ್ಲ. ಫ್ರೆಸಿನೆ ಮರದ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿ ಇಡೀ ಕಮಾನಿನಷ್ಟು ಅಗಲದ ಒಂದೇ ಸೆಂಟ್ರಿಂಗ್ ಮಾಡಿಸಿದ. ಅದರ ಎರಡು ತುದಿಗಳನ್ನು ಕಾಂಕ್ರೀಟಿನ ತೇಲುದೋಣಿಗಳ ಮೇಲಿಟ್ಟು, ಉಬ್ಬರದ ನೀರು ಏರಿದಾಗ ಮೇಲೆತ್ತಿಸಿ, ಎಳೆದು ತಂದು ಕಂಬಗಳ ನಡುವೆ ಕೂರಿಸಿದ. ಮೊದಲ ಕಮಾನು ಗಟ್ಟಿಯಾದ ಮೇಲೆ ಅದೇ ಸೆಂಟ್ರಿಂಗ್ ತೇಲಿ ಎರಡನೆಯದಕ್ಕೆ ಹೋಯಿತು, ಆಮೇಲೆ ಮೂರನೆಯದಕ್ಕೆ. ಸಮುದ್ರವನ್ನೇ ಕ್ರೇನ್ ಮಾಡಿಕೊಂಡ. ಇದೇ ಕೆಲಸದ ನಡುವೆ ಅವನು ಕಾಂಕ್ರೀಟಿನ ಕುಗ್ಗುವಿಕೆಯನ್ನು ವರ್ಷಗಟ್ಟಲೆ ಅಳೆದು, ಲೆ ವೆರ್ದ್ರ್‌ನಲ್ಲಿ ಕಂಡದ್ದಕ್ಕೆ ಲೆಕ್ಕದ ಆಧಾರ ಕೊಟ್ಟ. 15 ವರ್ಷ ತನ್ನೊಳಗೆ ಇಟ್ಟುಕೊಂಡ ಅನುಮಾನ ಆಗ ಪ್ರಮಾಣವಾಯಿತು.

ಪ್ಲೂಗಾಸ್ತೆಲ್‌ಗೆ ಆದ ಬದಲಾವಣೆಗಳು ಬೇರೆ ಬಗೆಯವು. ಮೇಲೆ ರಸ್ತೆ, ಕೆಳಗೆ ರೈಲು ಎಂದು ಎರಡು ಅಂತಸ್ತಿನಲ್ಲಿ ಕಟ್ಟಿದ್ದರು. ಕೆಳಗಿನ ಅಂತಸ್ತಿನಲ್ಲಿ ರೈಲು ಓಡಲೇ ಇಲ್ಲ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಒಂದು ಕಮಾನನ್ನು ಸ್ಫೋಟಿಸಿತು. ಉಳಿದೆರಡು ನಿಂತವು. 1949ರ ಹೊತ್ತಿಗೆ ಮುರಿದದ್ದನ್ನು ಮತ್ತೆ ಕಟ್ಟಿ ಸೇತುವೆಯನ್ನು ತೆರೆದರು. ಯುದ್ಧದ ಮೇಲಿನ ವರ್ಷಗಳಲ್ಲಿ ವಾಹನಗಳು ಹೆಚ್ಚಿದವು, ರಸ್ತೆಯನ್ನು ಅಗಲ ಮಾಡಿದರು. ಅದೂ ಸಾಲದೆ 1994ರಲ್ಲಿ ಪಕ್ಕದಲ್ಲೇ ಇರುವಾಜ್ ಎಂಬ ಕೇಬಲ್ ಸೇತುವೆ ಬಂತು. ಅದರ ನಡುಚಾಚು 400 ಮೀಟರ್. ಹೆದ್ದಾರಿ ಅತ್ತ ಹೋಯಿತು. ಹಳೆಯದರ ಮೇಲೆ ಈಗ ನಡೆಯುವವರು, ಸೈಕಲ್ಲಿನವರು, ನಿಧಾನದ ಗಾಡಿಗಳು. ಹಳೆಯ ಸೇತುವೆಯ ಪಕ್ಕ ಹೊಸದು ಕಟ್ಟಿದರೆ ಹಳೆಯದನ್ನು ಕೆಡವಿಬಿಡುವ ಅವಸರ ಎಲ್ಲ ದೇಶಗಳಲ್ಲೂ ಇದೆ. ಬ್ರೆಸ್ಟ್‌ನವರು ಕೆಡವಲಿಲ್ಲ. ಆ ಮೂರು ಕಮಾನುಗಳನ್ನು ಅವಸರವಿಲ್ಲದೆ ನೋಡುತ್ತ ದಾಟುವ ಸುಖ ಹೆದ್ದಾರಿ ಇದ್ದಾಗ ಯಾರಿಗೂ ಇರಲಿಲ್ಲ. ಭಾರ ಇಳಿದ ಸೇತುವೆಗೆ ಆಯುಸ್ಸೂ ಹೆಚ್ಚು.

ಕಾಂಕ್ರೀಟು ಕುಗ್ಗುತ್ತಲೇ ಇರುತ್ತದೆ ಎಂದು ಗೊತ್ತಾದ ಮೇಲೆ, ಉಕ್ಕನ್ನು ಎಳೆದು ಬಿಗಿಯುವ ಹಳೆಯ ಉಪಾಯ ಹೊಸ ಅರ್ಥ ಪಡೆಯಿತು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕುವುದನ್ನು ನೋಡಿದವರಿದ್ದಾರೆ. ಪಟ್ಟೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರು ಸುರಿದರೆ ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಒಂದೇ ಆಗುವಂತೆ ಹಿಡಿದುಬಿಡುತ್ತದೆ. ಕಾಂಕ್ರೀಟಿನೊಳಗೆ ಉಕ್ಕನ್ನು ಎಳೆದು ಬಿಗಿದರೂ ಹಾಗೆಯೇ. ಕಾಂಕ್ರೀಟು ಮೊದಲೇ ಒತ್ತಿಸಿಕೊಂಡಿರುತ್ತದೆ, ಭಾರ ಬಿದ್ದಾಗ ಬಿರುಕು ಬಿಡುವುದಿಲ್ಲ. ಫ್ರೆಸಿನೆಗಿಂತ ಮುಂಚೆ ಹಲವರು ಇದನ್ನು ಮಾಡಿ ಸೋತಿದ್ದರು. ಸಾಮಾನ್ಯ ಕಂಬಿಯನ್ನು ಸ್ವಲ್ಪವೇ ಎಳೆಯುತ್ತಿದ್ದರು. ಕಾಂಕ್ರೀಟು ಕುಗ್ಗುತ್ತ ಹೋಗಿ ಆ ಸ್ವಲ್ಪ ಬಿಗಿತವೂ ಕರಗುತ್ತಿತ್ತು, ಏಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಫ್ರೆಸಿನೆಗೆ ತಿಳಿದಿತ್ತು, ಲೆ ವೆರ್ದ್ರ್ ಕಲಿಸಿತ್ತು. ಬಲು ಗಟ್ಟಿಯಾದ ಉಕ್ಕಿನ ತಂತಿಯನ್ನು ಬಲು ಜೋರಾಗಿ ಎಳೆದರೆ, ಕ್ರೀಪ್ ತಿಂದು ಹೋದ ಮೇಲೂ ಬೇಕಾದಷ್ಟು ಬಿಗಿತ ಉಳಿಯುತ್ತದೆ. 1928ರ ಅಕ್ಟೋಬರ್ 2ರಂದು ಝಾನ್ ಸೆಯಾಯ್ ಜೊತೆ ಸೇರಿ ಇದಕ್ಕೆ ಪೇಟೆಂಟ್ ಪಡೆದ. ಆಗ ತಾನು ಕೆಲಸದಲ್ಲಿದ್ದ ಕಂಪನಿಯನ್ನು ಬಿಟ್ಟು, ಕೈಯಲ್ಲಿದ್ದ ಹಣವನ್ನೆಲ್ಲ ಹಾಕಿ, ಮೋಂತಾರ್ಜಿಯಲ್ಲಿ ಈ ವಿಧಾನದ ವಿದ್ಯುತ್ ಕಂಬಗಳ ಕಾರ್ಖಾನೆ ಶುರುಮಾಡಿದ. ಆರ್ಥಿಕ ಕುಸಿತದ ಕಾಲ, ಕಂಬ ಕೊಳ್ಳುವವರಿಲ್ಲದೆ ಕಾರ್ಖಾನೆ ಮುಳುಗಿತು. ಅವನನ್ನು ಮೇಲೆತ್ತಿದ್ದು ಲೆ ಆವ್ರ್ ಬಂದರಿನ ಕಟ್ಟಡ. ನೆಲದೊಳಗೆ ದಿನದಿನಕ್ಕೆ ಇಳಿಯುತ್ತಿದ್ದ ಆ ಕಟ್ಟಡವನ್ನು 1934ರಲ್ಲಿ ಬಿಗಿದ ಕಾಂಕ್ರೀಟಿನಿಂದ, ಮತ್ತೆ ಜಾಕ್‌ಗಳಿಂದ, ತಡೆದು ನಿಲ್ಲಿಸಿದ. ಅಲ್ಲಿಂದ ಜಗತ್ತು ಅವನ ಮಾತು ಕೇಳಿತು. ಬೆಂಗಳೂರಿನ ಮೆಟ್ರೊ ಓಡುವ ಆಕಾಶಮಾರ್ಗದ ಕಾಂಕ್ರೀಟು ಪೆಟ್ಟಿಗೆಗಳೊಳಗೂ ಬಿಗಿದ ಉಕ್ಕಿನ ಕೇಬಲ್‌ಗಳಿವೆ. ಎಂ.ಜಿ. ರಸ್ತೆಯ ಕಂಬಗಳ ಕೆಳಗೆ ನಡೆಯುವವರ ತಲೆಯ ಮೇಲೆ ಆ ವಿದ್ಯೆ ಇದೆ.

ಕೊನೆಗೆ ಲ್ಯುಝಾನ್ಸಿ. ಪ್ಯಾರಿಸ್ಸಿನ ಪೂರ್ವಕ್ಕೆ ಮಾರ್ನ್ ನದಿಯ ಮೇಲಿನ ಸಣ್ಣ ಊರು. ಅಲ್ಲಿ 1941ರಲ್ಲಿ ಶುರುಮಾಡಿ, ಯುದ್ಧದಿಂದ ನಿಂತು, 1946ರಲ್ಲಿ ಮುಗಿಸಿದ ಸೇತುವೆಯ ಚಾಚು 55 ಮೀಟರ್. ತುಂಡುಗಳನ್ನು ಮೊದಲೇ ಎರಕ ಹೊಯ್ದು, ತಂತಿಯಿಂದ ಬಿಗಿದು ಒಂದಾಗಿಸಿದ್ದು. ಲೆ ವೆರ್ದ್ರ್‌ಗಿಂತಲೂ ಚಪ್ಪಟೆ, ದೂರದಿಂದ ನೋಡಿದರೆ ಕಮಾನೋ ತೊಲೆಯೋ ಎಂದು ಹೇಳುವುದು ಕಷ್ಟ. ಮುಂದೆ 1947ರಿಂದ ಅದೇ ನದಿಯ ಮೇಲೆ ಇದೇ ಬಗೆಯ ಇನ್ನೂ ಐದು ಸೇತುವೆಗಳನ್ನು ಕಟ್ಟಿದ, ಒಂದೊಂದೂ 74 ಮೀಟರ್. ಲ್ಯುಝಾನ್ಸಿಯಲ್ಲಿ ಕಮಾನು ಬುಡಕ್ಕೆ ಆನಿಕೊಳ್ಳುವ ಕಡೆ ಹೊಂದಾಣಿಕೆಗೆ ಜಾಗವಿದೆ. ಕಾಂಕ್ರೀಟು ಕುಗ್ಗಿ ಗೆರೆ ಇಳಿದರೆ ಅಲ್ಲಿಂದ ಒತ್ತಿ ಮತ್ತೆ ಸರಿಪಡಿಸಬಹುದು. ಗುಟ್ಟಿಲ್ಲದೆ, ಎಲ್ಲರೆದುರು, ಇಲಾಖೆಗೆ ತಿಳಿಸಿಯೇ.